ಹದಿಮೂರನೇ ವಾರ್ಡಿನ ವರದಿ ಮತ್ತು ಜರಡಿ ಅಕ್ಕ

ಬೆಳಕು ಹರಿಯುವ ಹೊತ್ತು. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧಿ ಗೋದಾಮಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಜರಡಿ ಅಕ್ಕ ಸ್ವೆಟರಿನ ತೋಳು ಮೇಲೇರಿಸಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪ್ರಯೋಗಾಲಯದಿಂದ ರಕ್ತಪರೀಕ್ಷೆಯ ವರದಿಗಳು ಒಂದರ ಹಿಂದೊಂದು ಬಂದು ಬೀಳುತ್ತಿವೆ. ಅವನ್ನು ಆಯಾ ವಾರ್ಡಿಗೆ ಮುಟ್ಟಿಸುವುದು ಅಕ್ಕ ಬರೆದ ಪುಟ್ಟ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಸಾಲಾಗಿ ಪಾಲಿಸುವ ಆದೇಶಗಳ ಪಟ್ಟಿ. ನರ್ಸುಗಳು ಅದನ್ನು ಜರಡಿ ಎನ್ನುತ್ತಾರೆ. ಅಕ್ಕನಿಗೂ ಅದೇ ಹೆಸರು ಅಂಟಿಕೊಂಡಿದೆ.

"ಇದು ಮಾಡೋದು ಇಷ್ಟೇ. ಫೈಲಿನ ಹೆಸರು ನೋಡಿ, ನೀನು ಈ ಅಚ್ಚಿಗೆ ಕೂರ್ತೀಯಾ ಅಂತ ಕೇಳುತ್ತೆ. ಕೂತ್ರೆ ಆ ವಾರ್ಡಿಗೆ ಹೋಗು. ಇಲ್ದಿದ್ರೆ ಮುಂದಿನ ಅಚ್ಚು ನೋಡು. ಯಾವುದಕ್ಕೂ ಕೂರದೇ ಇದ್ರೆ ನನ್ನ ಹತ್ರ ಬಾ," ಎನ್ನುತ್ತಾರೆ ಅಕ್ಕ.

ಆ ಅಚ್ಚಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಭಾರೀ ಹೆಸರಿದೆ. ಅಕ್ಕ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಮೊದಲು ಇದೇ ಆಸ್ಪತ್ರೆಯಲ್ಲಿ ವರದಿಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಇಳಿಯುವ ಅಟೆಂಡರ್ ಆಗಿದ್ದರು. ಮಂಡಿ ಕೈಕೊಟ್ಟಿತು. ಕೆಲಸ ಬಿಡಬೇಕಾದೀತೆಂದು ಕಣ್ಣೀರು ಹಾಕುತ್ತಿದ್ದವರನ್ನು ಕಂಪ್ಯೂಟರ್ ವಿಭಾಗದ ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಬಸ್ ಓಡಿಸುವ ಗಂಡನದ್ದು ಈಗ ಒಂದೇ ಗೋಳು: "ಮನೇಲೂ ಹಿಂಗೇ ಮಾತಾಡ್ತಾಳೆ. ತರಕಾರಿ ತಂದ್ರೆ ಊಟ, ತರದಿದ್ರೆ ಉಪವಾಸ!"

ಫೋನ್ ಹೊಡೆದುಕೊಳ್ಳುತ್ತದೆ. ಹತ್ತರಿಂದ ಹದಿಮೂರರವರೆಗಿನ ವಾರ್ಡುಗಳಿಗೆಂದು ಕಟ್ಟಿದ ಹೊಸ ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು, ನಿನ್ನೆಯಷ್ಟೇ ತೆರೆದ ಹದಿಮೂರನೇ ವಾರ್ಡಿನ ನರ್ಸ್.

"ಅಕ್ಕಾ, ನಮ್ಮ ಪಾಪು ರಿಪೋರ್ಟೇ ಬಂದಿಲ್ಲ. ಈಗ ಆಪರೇಷನ್ ಇದೆ. ರಾತ್ರಿಯಿಂದ ಹಾಲು ಕೊಟ್ಟಿಲ್ಲ, ಅತ್ತೂ ಅತ್ತೂ ಸುಸ್ತಾಗಿದೆ. ರಿಪೋರ್ಟ್ ಇಲ್ದಿದ್ರೆ ನಾಳೆಗೆ ಹಾಕ್ತಾರಂತೆ."

ಅಕ್ಕ ಬಂದ ಫೈಲುಗಳ ಪಟ್ಟಿ ತೆರೆಯುತ್ತಾರೆ. ಪ್ರಯೋಗಾಲಯದವರು ಕಳಿಸಿಯಾಗಿದೆ. ಯಾವ ಅಚ್ಚಿಗೂ ಕೂರದೆ ಉಳಿದದ್ದರಲ್ಲಿ ಅದು ಇಲ್ಲ. ಅಂದರೆ ಬೇರೆ ಯಾರದೋ ಅಚ್ಚಿಗೆ ಹೋಗಿ ಕೂತಿದೆ. ಬೆರಳು ಪರದೆಯ ಮೇಲೆ ಸಾಲು ಸಾಲಾಗಿ ಇಳಿದು ಮೂರನೇ ವಾರ್ಡಿನ ಷರತ್ತಿನ ಹತ್ತಿರ ನಿಲ್ಲುತ್ತದೆ.

"ಅಯ್ಯೋ, ನನ್ನ ಬುದ್ಧಿಗೆ ಮಂಕು ಕವಿದಿತ್ತು! ಮೂರು, ಆಮೇಲೊಂದು ಅಡ್ಡಗೆರೆ ಇದ್ರೆ ಸಾಕು ಅಂತ ಬರ್ದಿದ್ದೀನಿ. ಹದಿಮೂರರ ಕೊನೇಲೂ ಮೂರಿದೆಯಲ್ಲ!"

ಫೈಲಿನ ಹೆಸರು ಶುರುವಾಗುವುದೇ ವಾರ್ಡಿನ ಸಂಖ್ಯೆಯಿಂದ. ಆದರೆ ಹೆಸರಿನ ಮೊದಲಿಂದಲೇ ನೋಡು ಎಂದು ಹೇಳುವ ಟೋಪಿಯಂಥ ಗುರುತನ್ನು ಅಕ್ಕ ಹಾಕಿರಲಿಲ್ಲ. ಒಂಬತ್ತೇ ವಾರ್ಡುಗಳಿದ್ದಷ್ಟು ಕಾಲ ಅದರ ಕೊರತೆ ಯಾರಿಗೂ ಕಾಣಲಿಲ್ಲ. ಈಗ ಹಾಕುತ್ತಾರೆ, ಮತ್ತೆ ಓಡಿಸುತ್ತಾರೆ. ಮೂರರದ್ದು ಮೂರಕ್ಕೆ, ಹದಿಮೂರರದ್ದು ಹದಿಮೂರಕ್ಕೆ ಹೋಗುತ್ತದೆ.

ಅಲ್ಲಿಗೆ ಕೆಲಸ ಮುಗಿಯಿತು. ಆದರೂ ಅಕ್ಕ ಕುರ್ಚಿ ಸರಿಸಿ ಏಳುತ್ತಾರೆ. ಕಂಬಿ ಹಿಡಿದು, ಮಂಡಿಯನ್ನು ಬೈಯುತ್ತಾ, ಮೆಟ್ಟಿಲು ಹತ್ತುತ್ತಾರೆ.

"ಕಣ್ಣಾರೆ ನೋಡ್ದಿದ್ರೆ ಮನಸ್ಸು ಕೇಳಲ್ಲ," ಎನ್ನುತ್ತಾರೆ.

ವಾರ್ಡಿನಲ್ಲಿ ಡಾಕ್ಟರು ವರದಿ ಓದುತ್ತಿದ್ದಾರೆ. ತಾಯಿಯ ಹೆಗಲ ಮೇಲೆ ಪಾಪು ಬಿಕ್ಕುತ್ತಿದೆ. ಅಕ್ಕ ಅದರ ಪುಟ್ಟ ಪಾದ ಹಿಡಿದುಕೊಳ್ಳುತ್ತಾರೆ. "ತಪ್ಪು ನಂದು, ಹಸಿವು ನಿಂಗೆ. ಇದ್ಯಾವ ನ್ಯಾಯ ಕಂದಾ?" ಯಾರೀಕೆ ಎಂದು ತಾಯಿಗೆ ಗೊತ್ತಿಲ್ಲ, ಆದರೂ ನಗುತ್ತಾಳೆ. ಡಾಕ್ಟರು ತಲೆಯಾಡಿಸುತ್ತಾರೆ. ಆಪರೇಷನ್ ಇವತ್ತೇ.

ಇಳಿಯುವಾಗ ಅಕ್ಕನ ಕಣ್ಣು ಒದ್ದೆ. ಇಷ್ಟೆಲ್ಲ ಮಾಡುವವರಿಗೆ ಏನು ಸಿಕ್ಕರೆ ಸಂತೋಷ ಎಂದು ಕೇಳಿದರೆ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ಪಾಪು ಹಾಲು ಕುಡೀತು ಅಂತ ಸಾಯಂಕಾಲ ಯಾರಾದ್ರೂ ಕೆಳಗೆ ಒಂದು ಫೋನ್ ಮಾಡಿದ್ರೆ ಸಾಕಪ್ಪಾ."