ಇಲ್ಲದವನ ಪಾಲಿನ ಮುದ್ದೆ

ಯುಗಾದಿ ಕಳೆದ ವಾರದಲ್ಲಿ ನಾನು ಬಾಗೂರಿನಿಂದ ಹೊರಟೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ಚನ್ನರಾಯಪಟ್ಟಣದವರೆಗಿನ ದಾರಿಯನ್ನು ತೆಂಗಿನಕಾಯಿ ಹೇರಿದ ಗಾಡಿಯೊಂದರ ಮೂಕಿಯ ಬಳಿ ಕುಳಿತು ಕಳೆದೆ. ರಸ್ತೆಯ ಎರಡೂ ಕಡೆ ಹೊಂಗೆ ಹೂಬಿಟ್ಟಿತ್ತು. ಎತ್ತುಗಳ ಗೊರಸಿನ ಕೆಳಗೆ ಅದರ ಹೂವು ಅರಳಿನಂತೆ ಉದುರಿ ಹಾಸಿಕೊಂಡಿತ್ತು. ಗಾಡಿ ಹೊಡೆಯುವುದು ನನ್ನ ಹಳೆಯ ಕಸುಬು. ಶಾಲೆಯಲ್ಲಿ ಕುಳಿತು ಕಲಿತವನು ನಾನಲ್ಲ. ಅಂಕಿಯನ್ನೂ ಅಕ್ಷರವನ್ನೂ ಮೈಲಿಗಲ್ಲುಗಳಿಂದ ಕಲಿತೆ. ಆ ಕಲಿಕೆಯೊಂದಿಗೆ ಒಂದು ಹಠವೂ ಅಂಟಿಕೊಂಡಿದೆ. ಊರು ಇಷ್ಟು ದೂರವಿದೆಯೆಂದು ಯಾರು ಎಷ್ಟು ಹೇಳಿದರೂ ಕಲ್ಲು ಕಣ್ಣಿಗೆ ಬೀಳುವ ತನಕ ನಾನು ನಂಬುವುದಿಲ್ಲ.

ಈ ಪ್ರಯಾಣಕ್ಕೆ ಕಾರಣ ನನ್ನ ಸೊಸೆ ಗೌರಿ. ನನ್ನ ಮಗ ಯುದ್ಧದ ಲಾರಿ ಓಡಿಸಲು ಸೇರಿ ರಂಗೂನಿನ ಕಡೆಗೆ ಹೋದವನು. ಅಲ್ಲಿಂದಾಚೆಗೆ ಅವನ ಸುದ್ದಿಯಿಲ್ಲ. ನಮ್ಮಲ್ಲಿ ಒಂದು ಪದ್ಧತಿಯುಂಟು. ಮನೆಯವನೊಬ್ಬ ದೂರ ಹೋದರೆ, ಅವನು ಮರಳುವವರೆಗೆ ಸಂಜೆಯ ಅಡುಗೆಯಲ್ಲಿ ಅವನ ಪಾಲಿನ ಮುದ್ದೆಯನ್ನೂ ಕಟ್ಟಿ ತಣಿಗೆಯಲ್ಲಿಟ್ಟು ಮುಚ್ಚಿಡಬೇಕು. ಬೆಳಿಗ್ಗೆ ಅದು ಹಸುವಿನ ಪಾಲು. ಇಡುವುದನ್ನು ನಿಲ್ಲಿಸುವುದು ಸತ್ತವನಿಗೆ ಮಾತ್ರ. ರಾಗಿಯನ್ನು ಅಳೆದು ಬೇಯಿಸುತ್ತಿದ್ದ ಆ ದಿನಗಳಲ್ಲಿ ಗೌರಿ ನನ್ನ ಮುದ್ದೆಯನ್ನು ಕಿರಿದು ಮಾಡಲಿಲ್ಲ, ಗಂಡನದನ್ನೂ ಮಾಡಲಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಉಂಡೆದ್ದ ಮೇಲೆ ಅವಳು ಒಳಗೆ ಒಬ್ಬಳೇ ಉಣ್ಣುತ್ತಿದ್ದಳು. ಏನು ಉಣ್ಣುತ್ತಿದ್ದಳೆಂಬುದನ್ನು ನೋಡಿದವರಿಲ್ಲ. ಮಣಿಕಟ್ಟಿನಲ್ಲಿ ಬಿಗಿಯಾಗಿ ನಿಲ್ಲುತ್ತಿದ್ದ ಅವಳ ಬಳೆಗಳು ಕೈ ಎತ್ತಿದರೆ ಮೊಣಕೈಗೆ ಜಾರುವುದನ್ನು ಕಂಡ ಮೇಲೆ ನನಗೆ ಲೆಕ್ಕ ತಿಳಿಯಿತು. ಕೇಳಿದರೆ, "ಉಂಡೆ ಮಾವ" ಎನ್ನುತ್ತಿದ್ದಳು.

ಚನ್ನರಾಯಪಟ್ಟಣದಲ್ಲಿ ಅವಳ ತಂದೆ ಪುಟ್ಟೇಗೌಡರು ಕಾದಿದ್ದರು. ಕುಡಿಯಲು ಬೆಲ್ಲದ ಕಾಫಿ ಕೊಟ್ಟು, ಕೆಂಪು ರಟ್ಟಿನ ಒಂದು ಸಣ್ಣ ಪುಸ್ತಕವನ್ನು ನನ್ನ ಮುಂದಿಟ್ಟರು.

"ಬೀಗರೇ, ಈ ಸೀಮೆಲೆಲ್ಲ ಇದರದ್ದೇ ಮಾತು. ಇದನ್ನ ಮಗೀಗೆ ಓದಿ ಯೇಳಿ. ಕಳೆದದ್ದು ಕಳೀತು, ನಾಳೆ ಅನ್ನೋದು ಉಟ್ಟೇ ಇಲ್ಲ ಅಂತೈತೆ. ಆ ತಣಿಗೆ ಇಡೋದು ನಿಲ್ಸಿಬಿಡ್ಲಿ."

"ನಿಲ್ಸೋದು ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆ?"

"ಗೊತ್ತು. ಅಳೀಲಿ. ಅತ್ತು ಉಣ್ಲಿ. ಈ ಹುಣ್ಣಿಮೆ ಒಳಗೆ ಅವಳು ಸರಿಯಾಗಿ ಉಣ್ದಿದ್ರೆ ನಾನೇ ಬಂದು ಕರ್ಕೊಂಡು ಓಯ್ತೀನಿ. ನಿಮ್ಮ ಮಗನ ಕಾಯ್ತಾ ನನ್ನ ಮಗಳ ಜೀವ ಓಗ್‌ಬಾರ್ದು."

ಆ ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಪುಸ್ತಕವನ್ನು ಜೋಳಿಗೆಗೆ ಹಾಕಿಕೊಂಡೆ. ಓದಿದವರಿಗೆ ಅದು ಏನು ಮಾಡಿದೆ ಎಂಬುದನ್ನು ಕಣ್ಣಾರೆ ನೋಡದೆ ಅದನ್ನು ಸೊಸೆಯ ಕೈಗೆ ಕೊಡುವುದಿಲ್ಲವೆಂದು ಹೇಳಿ ಹಾಸನದ ಬಸ್ಸು ಹತ್ತಿದೆ.

ಬಸ್ಸು ಇದ್ದಿಲಿನದು. ಪೆಟ್ರೋಲು ಸಿಗದ ಆ ಕಾಲದಲ್ಲಿ ಬಸ್ಸಿನ ಬೆನ್ನಿಗೆ ಒಂದು ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಿಂದ ಓಡಿಸುತ್ತಿದ್ದರು. ಎಂಟಾಣೆ ಕೊಟ್ಟು ಹತ್ತಿದವರು ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. "ನಾವು ತಳ್ಳಿದ ದೂರದ ದುಡ್ಡು ವಾಪಸ್ಸು ಕೊಡಿ ಸಾ" ಎಂದು ಒಬ್ಬ ಕೇಳಿದ್ದಕ್ಕೆ ಕಂಡಕ್ಟರು, "ಇಳುಕಲಲ್ಲಿ ಕೂತಿದ್ದಕ್ಕೆ ಜಾಸ್ತಿ ಇಸ್ಕೊಂಡ್ನಾ?" ಎಂದ. ಹಾಸನ ತಲುಪುವಾಗ ನಮ್ಮೆಲ್ಲರ ಮುಖವೂ ಕಮ್ಮಾರನ ಮುಖದಂತಾಗಿತ್ತು.

ಆ ಪುಸ್ತಕವನ್ನು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚುತ್ತಿದ್ದವರು ಹಾಸನದ ಪೇಟೆಯ ಬಟ್ಟೆ ವ್ಯಾಪಾರಿ ರುದ್ರಪ್ಪನವರು. ವಿಭೂತಿ ಧರಿಸಿದ, ಮಾತಿನಲ್ಲಿ ಮೆದುವಾದ ಮನುಷ್ಯ. ಬಟ್ಟೆಗೆ ಅಭಾವವಿದ್ದುದರಿಂದ ಬೀರುಗಳ ಅರ್ಧಭಾಗ ಬರಿದಾಗಿತ್ತು. ಬಟ್ಟೆಯ ಥಾನುಗಳಿರಬೇಕಾದ ಜಾಗದಲ್ಲಿ ಪುಸ್ತಕಗಳನ್ನು ಜೋಡಿಸಿದ್ದರು. ಬರೆದವರು ನೂರಿಪ್ಪತ್ತು ವರ್ಷ ಬಾಳಿದ ಯೋಗಿಗಳೆಂದು ಹೇಳಿದರು.

"ತಾವು ಕಂಡಿದ್ದೀರಾ?" ಎಂದೆ.

"ಇಲ್ಲ ಗೌಡರೇ. ಕಂಡವರನ್ನ ಕಂಡಿದ್ದೀನಿ."

ಅಂಗಡಿಗೆ ಪಂಚೆ ಕೊಳ್ಳಲು ಬಂದಿದ್ದ ವಕೀಲರೊಬ್ಬರು ನಕ್ಕರು. "ರುದ್ರಪ್ಪನವರೇ, ನಾಳೆಯೇ ಇಲ್ಲ ಅಂತ ನೀವು ಊರಿಗೆಲ್ಲ ಹಂಚಿಬಿಟ್ರೆ ನಾವು ವಾಯಿದೆ ಕೇಳೋದು ಹೆಂಗೆ? ಸೋಮಾರಿಗಳಿಗೊಂದು ಶಾಸ್ತ್ರ ಮಾಡಿಕೊಟ್ರಿ ನೀವು."

"ನಿಮ್ಮ ಕಕ್ಷಿಗಾರರು ಓದ್ಲಿ ಅಂತಲೇ ಮಾಡ್ಸಿರೋದು ಸ್ವಾಮಿ, ಅವರಾದ್ರೂ ಮನೆಗೆ ಹೋಗ್ಲಿ" ಎಂದು ರುದ್ರಪ್ಪನವರು ಪಂಚೆಯನ್ನು ಮಡಿಸಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಎರಡು ಸಂಗತಿ ಹೇಳಿದರು. ಅರಕಲಗೂಡಿನ ಬಳಿ ಕಾಳೇಗೌಡನೆಂಬ ರೈತ ಈ ಪುಸ್ತಕದಿಂದ ಮನೆ ತೊರೆದು ವಿರಾಗಿಯಾದನಂತೆ. ಹೊಳೆನರಸೀಪುರದಲ್ಲಿ ಪುರಿ ಹುರಿಯುವ ಸಾಕಮ್ಮನೆಂಬವಳ ಗಂಡ ಕೊಡಗಿನ ತೋಟಕ್ಕೆ ಹೋದವನು ಹಿಂತಿರುಗಲಿಲ್ಲ. ಪುಸ್ತಕ ಕೇಳಿದ ಮೇಲೆ ಅವಳು ಗಂಡನ ಪಾಲು ಇಡುವುದನ್ನು ನಿಲ್ಲಿಸಿ, ಈಗ ನಗುನಗುತ್ತ ಇದ್ದಾಳಂತೆ. ಈ ಎರಡನೆಯ ಮಾತು ನಿಜವಾಗಿದ್ದರೆ ಪುಟ್ಟೇಗೌಡರೇ ಸರಿ. ನಾನು ಮನೆಗೆ ಹೋಗಿ ನನ್ನ ಮಗನ ತಣಿಗೆಯನ್ನು ಎತ್ತಿಡಿಸಬೇಕು.

ಮಧ್ಯಾಹ್ನ ಛತ್ರದ ಜಗಲಿಯಲ್ಲಿ ಕುಳಿತು ಪುಸ್ತಕವನ್ನು ಪೂರ್ತಿ ಓದಿದೆ. ಯೋಗಿಯ ವಯಸ್ಸನ್ನು ನಂಬದಿದ್ದರೂ ಬರವಣಿಗೆಯನ್ನು ಮೆಚ್ಚದಿರಲಾಗಲಿಲ್ಲ. ಉಳುವವನ ಕಣ್ಣು ಹಿಂದಿನ ಸಾಲಿನ ಮೇಲೂ ಇರಬಾರದು, ಮುಂದಿನ ಬದುವಿನ ಮೇಲೂ ಇರಬಾರದು, ನೇಗಿಲ ಗುಳದ ತುದಿಯಲ್ಲಿರಬೇಕೆಂಬ ಅರ್ಥದ ಒಂದು ಪುಟವಿತ್ತು. ಎತ್ತಿನ ಹಿಂದೆ ನಡೆದವನಲ್ಲದೆ ಬೇರೆಯವನು ಅದನ್ನು ಬರೆಯಲಾರ. ಆದರೆ ಮನೆಗೆ ಬಾರದವನ ವಿಷಯದಲ್ಲಿ ಏನು ಮಾಡಬೇಕೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಮರುದಿನ ಹೇಮಾವತಿಯನ್ನು ದಾಟಿ ಅರಕಲಗೂಡಿಗೆ ಹೋದೆ. ಅಲ್ಲಿಂದ ಕಾಳೇಗೌಡನ ಹಳ್ಳಿಗೆ ನಡಿಗೆ. "ಒಂದು ಕೂಗಳತೆ" ಎಂದರು. ಕೂಗಿದವನ ಗಂಟಲನ್ನು ಮೆಚ್ಚಬೇಕು, ಹೊತ್ತು ನೆತ್ತಿಗೇರುವವರೆಗೂ ನಡೆದೆ. ವಿರಾಗಿಯು ಕಣದ ಗುಡಿಸಲಿನ ಮುಂದೆ ಎತ್ತಿಗೆ ಹುಲ್ಲು ಹಾಕುತ್ತ, ಗಟ್ಟಿಯಾಗಿ ಬೈಯುತ್ತಿದ್ದ. ನಾನು ಬಂದ ಕಾರಣ ಹೇಳಿದೆ.

"ಪುಸ್ತಕವಾ? ಪುಸ್ತಕ ಓದ್ದೋನು ನನ್ನ ಮಗ, ಮನೆ ಬುಟ್ಟೋನು ನಾನು!" ಎಂದ. "ಒಗೆಸೊಪ್ಪಿನ ಸಸಿಮಡಿ ಮಾಡ್ಲಾ, ಬೀಜ ಚೆಲ್ಲೋ ಕಾಲ ಬಂತು ಅಂದೆ ಕಣಣ್ಣ. 'ಮುಂದಿಂದು ಯೋಚ್ನೆ ಮಾಡ್ಬಾರ್ದು ಅಪ್ಪಯ್ಯ, ಬರ್ದವ್ರೆ' ಅಂದ. ಅಂಗಂದು ಮಧ್ಯಾಹ್ನದವರ್ಗೂ ಮಲಗ್ದ. ನಾನು ಎತ್ತು ಒಡ್ಕೊಂಡು ಇಲ್ಲಿಗೆ ಬಂದ್ಬುಟ್ಟೆ."

"ವೈರಾಗ್ಯ ಬಂದಿಲ್ಲವೇ ಹಾಗಾದರೆ?"

"ಬಂದದೆ. ಅವನ ಮುಖ ಕಂಡ್ರೆ ಬತ್ತದೆ."

ಅಷ್ಟರಲ್ಲಿ ಆ ಮಗನೇ ಅಪ್ಪನಿಗೆ ಬುತ್ತಿ ತಂದ. ನಾಚಿಕೆಯ ಯುವಕ. ಸಸಿಮಡಿಗೆ ನೀರು ಹಾಕಿ ಬಂದ ಕೈ ಇನ್ನೂ ಒದ್ದೆಯಿತ್ತು. ಗುಳದ ತುದಿಯ ಪುಟವನ್ನು ಓದಿದೆಯಾ ಎಂದು ಕೇಳಿದೆ. ಮಲಗುವುದಕ್ಕೆ ಅಷ್ಟು ದೂರ ಓದುವ ಅಗತ್ಯ ಬೀಳಲಿಲ್ಲವೆಂದು ಒಪ್ಪಿಕೊಂಡ. ನಾನು ಆ ಪುಟವನ್ನು ತೆಗೆದು ಇಬ್ಬರಿಗೂ ಗಟ್ಟಿಯಾಗಿ ಓದಿದೆ. ಕಾಳೇಗೌಡ ಕೊನೆಯವರೆಗೂ ಕೇಳಿ, "ಇದು ಸರಿಯಾಗೈತೆ. ಇದನ್ನ ಯಾಕ್ಲಾ ಓದ್ಲಿಲ್ಲ, ಮುಂಡೇದೇ?" ಎಂದ. ಮಗ ಬುತ್ತಿಯ ಗಂಟು ಬಿಚ್ಚಿದ. ನನಗೂ ಒಂದು ಪಾಲು ಕೊಟ್ಟರು. ಹಾಸನದ ಮೊದಲನೆಯ ಸುದ್ದಿ ಹೀಗೆ ಸುಳ್ಳಾಯಿತು. ಎರಡನೆಯದೂ ಸುಳ್ಳಾಗಲೆಂದು ಹಾರೈಸುವುದೋ ನಿಜವಾಗಲೆಂದು ಹಾರೈಸುವುದೋ ತಿಳಿಯದೆ ನಾನು ಹೊರಟೆ.

ಹೊಳೆನರಸೀಪುರಕ್ಕೆ ಒಂದಿಷ್ಟು ದೂರ ಗಾಡಿಯಲ್ಲಿ, ಉಳಿದದ್ದು ಮತ್ತೊಂದು ಇದ್ದಿಲ ಬಸ್ಸಿನಲ್ಲಿ. ಬೇಸಿಗೆಯ ಹೊಳೆ ಸೊರಗಿ ಬಂಡೆಗಳ ನಡುವೆ ಹರಿಯುತ್ತಿತ್ತು; ಹೆಂಗಸರು ಮರಳಲ್ಲಿ ಒರತೆ ತೋಡಿ ತಿಳಿನೀರು ಮೊಗೆಯುತ್ತಿದ್ದರು. ಪುರಿಯ ಭಟ್ಟಿಯನ್ನು ಹುಡುಕಲು ಕೇಳಬೇಕಾಗಲಿಲ್ಲ, ಮೂಗು ಸಾಕಾಯಿತು. ಕಾದ ಮರಳಿನ ಬಾಣಲೆಯ ಮುಂದೆ ಸಾಕಮ್ಮ ಕುಳಿತಿದ್ದಳು. ನಡುವಯಸ್ಸು ದಾಟಿದ, ಕೈ ತುಂಬ ಬಳೆ ತೊಟ್ಟ ಹೆಂಗಸು. ಬಳೆಗಳು ಇರಬೇಕಾದಲ್ಲಿಯೇ ಇದ್ದುವು. ಅದನ್ನು ನಾನು ಮೊದಲು ನೋಡಿದೆ.

ಅರ್ಧಾಣೆಯ ಪುರಿ ಕೇಳಿದೆ. ಪೊಟ್ಟಣ ಕಟ್ಟಿದ ಹಾಳೆಯನ್ನು ನೋಡಿದರೆ ಅದೇ ಪುಸ್ತಕದ್ದು! ಅಕ್ಷರವನ್ನು ಕಷ್ಟಪಟ್ಟು ಕಲಿತವನ ಮನಸ್ಸಿಗೆ ನೋವಾಯಿತು. "ಇದನ್ನು ಹರಿದಿದ್ದೀಯಲ್ಲ ತಾಯಿ" ಎಂದೆ.

"ನಂಗೆ ಓದಾಕೆ ಬರಲ್ಲ ಕಣಣ್ಣ. ಎದುರುಮನೆ ಮೇಷ್ಟ್ರು ಸಾಯಂಕಾಲ ಪುರಿಗೆ ಬಂದಾಗ ದಿನಕ್ಕೊಂದು ಆಳೆ ಓದಿ ಯೇಳೋರು. ಓದಿದ್ದಾದ ಆಳೆ ಇಟ್ಕೊಂಡು ಏನ್ ಮಾಡ್ಲಿ? ಬಂದೋರ ಪುರಿನ ಅದ್ರಲ್ಲೇ ಕಟ್ಟಿ ಕೊಡ್ತೀನಿ." ನನ್ನ ಮುಖ ನೋಡಿ ನಕ್ಕಳು. "ಬೇಜಾರ್ ಮಾಡ್ಕೋಬ್ಯಾಡಿ. ಅರ್ಧ ಊರು ಪೊಟ್ಣ ಬಿಚ್ಚಿ ಓದವ್ರೆ."

ನಗುತ್ತಾಳೆಂಬ ಮಾತು ನಿಜವೇ ಆಯಿತು. ಇನ್ನುಳಿದದ್ದನ್ನು ಕೇಳುವುದಿತ್ತು. ನನ್ನ ಸೊಸೆಯ ಸಂಗತಿಯನ್ನೆಲ್ಲ ಹೇಳಿ, "ನೀನು ಗಂಡನ ಪಾಲು ಇಡುವುದನ್ನು ಬಿಟ್ಟೆಯಂತೆ, ಹೌದೇ?" ಎಂದೆ.

ಅವಳು ಬಾಣಲೆಯನ್ನು ಒಲೆಯಿಂದ ಇಳಿಸಿದಳು. "ಯಾವನಂದ? ಅವ್ನು ಸತ್ತವ್ನಾ, ಬುಡಾಕೆ? ಕುಂತ್ಕೊಳ್ಳಿ ಇಲ್ಲೇ. ಒತ್ತು ಮುಳುಗ್ಲಿ."

ಹೊತ್ತು ಮುಳುಗಿತು. ಅವಳು ಭಟ್ಟಿಯ ಹಿಂದಿನ ಒಲೆಯಲ್ಲಿ ಎಸರಿಟ್ಟು, ಹಿಟ್ಟು ಹಾಕಿ ತೊಳಸಿ, ಎರಡು ಮುದ್ದೆ ಕಟ್ಟಿದಳು. ಒಂದನ್ನು ತಣಿಗೆಯಲ್ಲಿಟ್ಟು, ಬಸ್ಸಾರು ಬಿಟ್ಟು, ನನ್ನ ಮುಂದಿಟ್ಟಳು.

"ಇದು ಅವನ ಪಾಲು. ಉಣ್ಣಿ."

ನಾನು ಕೈ ಹಿಂದೆಗೆದೆ.

"ಉಣ್ಣಿ ಅಣ್ಣ, ಆರೋಯ್ತದೆ. ಮೊದ್ಲು ನಾನೂ ನಿಮ್ಮ ಸೊಸೆ ಅಂಗೇ. ನಂದ್ರಲ್ಲಿ ಕಿತ್ತು ಅವನಿಗೆ ಇಕ್ಕೋದು, ಬೆಳಿಗ್ಗೆ ತಣ್ಣಗಾದ್ದು ಅಸ ತಿನ್ನೋದು. ಅಸ ಗುಂಡ್ಕಲ್ಲಾಯ್ತು, ನಾನು ಕಡ್ಡಿಯಾದೆ. ಮೇಷ್ಟ್ರು ಓದಿದ್ದು ಕೇಳಿ ಕೇಳಿ ಒಂದಿನ ಅನ್ನಿಸ್ತು, ಇವತ್ತು ಅವ್ನು ಇಲ್ಲಿಲ್ಲ, ಅದು ನಿಜ. ಮುದ್ದೆ ಬಿಸಿ ಐತೆ, ಅದೂ ನಿಜವೇ ಅಲ್ವಾ? ಆವತ್ತಿಂದ ದಾರೀಲಿ ಓಗೋರು ಯಾರಾದ್ರೂ ಸರಿ, ಕರ್ದು ಬಿಸೀಲೇ ಇಕ್ತೀನಿ. ಅವ್ನಿಗೂ ಎಲ್ಲೋ ಯಾರೋ ಇಕ್ತಾ ಇರ್ಬೋದು."

"ನಿನ್ನ ಪಾಲು?"

"ಎದುರಿಗೆ ಒಬ್ರು ಉಣ್ಣೋವಾಗ ನಾನು ಕೈಕಟ್ಕೊಂಡು ಕುಂತ್ರೆ ಅವ್ರ ಗಂಟಲಲ್ಲಿ ಇಳೀತದಾ? ಅದ್ಕೇ ನಾನೂ ಉಣ್ಲೇಬೇಕು" ಎಂದು ತನ್ನ ತಣಿಗೆಯನ್ನು ಎಳೆದುಕೊಂಡು ನನ್ನೆದುರಿಗೆ ಕುಳಿತಳು.

ಎಷ್ಟೋ ಊರುಗಳಲ್ಲಿ ಎಷ್ಟೋ ಪ್ರವಚನಗಳನ್ನು ಕೇಳಿದ್ದೇನೆ. ಆ ಮುದ್ದೆಯನ್ನು ಮುರಿದು ನುಂಗುವಾಗ ಆದ ನಂಬಿಕೆ ಎಲ್ಲಿಯೂ ಆಗಿರಲಿಲ್ಲ. ಬರೆದವರು ಯಾರಾದರೇನು, ಅವರ ಮಾತು ಸರಿಯಾದ ಮನೆಯನ್ನು ಹುಡುಕಿಕೊಂಡು ಬಂದಿತ್ತು.

ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸು ಹಿಡಿದೆ. ದಾರಿಯಲ್ಲಿ ಮಾವಿನ ಮಳೆ ನಾಲ್ಕು ಹನಿ ಹಾಕಿ ಮಣ್ಣಿನ ವಾಸನೆ ಎಬ್ಬಿಸಿತು. ಪುಟ್ಟೇಗೌಡರು ಅಂಗಳದಲ್ಲಿಯೇ ತಡೆದು, "ಪುಸ್ತಕ ನಿಜವೋ ಸುಳ್ಳೋ?" ಎಂದರು. "ನಿಜ. ಆದರೆ ತಣಿಗೆ ಎತ್ತಿಡೋಕಲ್ಲ. ಹುಣ್ಣಿಮೆಗೆ ಬನ್ನಿ, ಹಸಿದುಕೊಂಡು ಬನ್ನಿ" ಎಂದಷ್ಟೇ ಹೇಳಿ ಬಾಗೂರಿನ ಗಾಡಿ ಹತ್ತಿದೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಾನು ಅಂದು ಬರುವೆನೆಂದು ಗೌರಿಗೆ ಗೊತ್ತಿರಲಿಲ್ಲ. ನೋಡಿ ಗಾಬರಿಯಾದಳು.

"ಅಯ್ಯೋ ಮಾವ, ನಿಮ್ದೂ ಇಟ್ಟಿದ್ದೀನಿ... ಅವ್ರದ್ದೂ ನಿಮ್ದೂ ಎರಡೂ... ಕೈಕಾಲು ತೊಳ್ಕೊಳ್ಳಿ."

ದೂರ ಹೋದವನ ಪಾಲು ಇಡಬೇಕೆಂಬ ಪದ್ಧತಿಯನ್ನು ಅವಳು ನನಗೂ ನಡೆಸಿದ್ದಳು. ಒಳಗೆ ಹೋಗಿ ನೋಡಿದೆ. ಮುಚ್ಚಿಟ್ಟ ತಣಿಗೆಗಳು ಎರಡಿದ್ದುವು. ಅವಳ ಪಾಲಿಗೆ ಮಡಕೆಯ ತಳಕ್ಕೆ ಹತ್ತಿದ ಸೀಕು ಮಾತ್ರ ಉಳಿದಿತ್ತು.

"ನನಗೆ ಅವನ ಪಾಲು ಕೊಡು, ಬಿಸಿ ಇದೆಯಲ್ಲ" ಎಂದೆ. "ನನ್ನದನ್ನು ನೀನು ಇಟ್ಟುಕೊಂಡು ಇಲ್ಲಿ ಎದುರಿಗೆ ಕೂತ್ಕೊ."

"ಅವ್ರದ್ದಾ?" ಎಂದಳು. ಮಾವನ ಎದುರಿಗೆ ಕುಳಿತು ಉಣ್ಣುವುದು ನಮ್ಮಲ್ಲಿಲ್ಲ. ಗಂಡನ ಪಾಲನ್ನು ಇನ್ನೊಬ್ಬರು ಉಣ್ಣುವುದಂತೂ ಇಲ್ಲವೇ ಇಲ್ಲ. ಹೊಳೆನರಸೀಪುರದಲ್ಲಿ ನಾನು ಯಾರ ಪಾಲನ್ನು ಉಂಡೆನೆಂಬುದನ್ನು, ಸಾಕಮ್ಮ ಹೇಳಿದ್ದನ್ನು, ಒಂದೂ ಬಿಡದೆ ಹೇಳಿದೆ. ಅವನಿಗೂ ಎಲ್ಲೋ ಯಾರೋ ಇಕ್ಕುತ್ತಿರಬಹುದೆಂಬ ಮಾತು ಬಂದಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಗಂಡನ ತಣಿಗೆಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದಳು. ಇನ್ನೊಂದನ್ನು ತೆಗೆದುಕೊಂಡು ಗೋಡೆಯ ಕಡೆ ಅರ್ಧ ತಿರುಗಿ ಕುಳಿತಳು. ನಾನು ನಿಧಾನವಾಗಿ ಉಂಡೆ, ಅವಳು ಮುಗಿಸುವವರೆಗೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಕುಳಿತು ಪಂಚೆಗೆ ಹತ್ತಿದ್ದ ಬಸ್ಸಿನ ಇದ್ದಿಲ ಮಸಿಯನ್ನು ಉಜ್ಜುತ್ತಿದ್ದೆ. ಹಸು ಎಂದಿನಂತೆ ಅಡಿಗೆಮನೆಯ ಬಾಗಿಲಿಗೆ ಬಂದು, ತಲೆ ಒಳಗೆ ಹಾಕಿ, ತಣ್ಣನೆಯ ಮುದ್ದೆ ಎಲ್ಲಿ ಎಂಬಂತೆ ಕೂಗಿತು. ಇನ್ನೊಮ್ಮೆ ಕೂಗಿತು.

"ಓಗೇ, ಓಗು. ಇವತ್ತಿಂದ ನಿಂಗಿಲ್ಲ ಕಣೇ, ಉಲ್ಲು ತಿನ್ನೋಗು" ಎಂದಿತು ಒಳಗಿನಿಂದ ಗೌರಿಯ ದನಿ. ಹಸು ಕದಲಲಿಲ್ಲ. ಅವಳು ಅದರ ಮೂತಿಯನ್ನು ಎರಡೂ ಕೈಯಿಂದ ಹೊರಕ್ಕೆ ತಳ್ಳುತ್ತ ಬಾಗಿಲಿಗೆ ಬಂದಳು. ಮಗ ಹೋದಂದಿನಿಂದ ಆ ಮನೆಯಲ್ಲಿ ಕೇಳದಿದ್ದ ನಗು ಅಂದು ಜಗಲಿಯವರೆಗೂ ಕೇಳಿಸಿತು.