ಇಪ್ಪತ್ತು ಹಾಳೆಗಳ ಮೌನ

ನಾನು ಮಾತುಗಾರ್ತಿ ಎಂಬುದನ್ನು ನಾನೇ ಒಪ್ಪಿಕೊಳ್ಳುತ್ತೇನೆ; ಬೇರೆಯವರು ಹೇಳಲು ನಾನು ಸಂದು ಕೊಟ್ಟರೆ ತಾನೆ! ಅಂಕೋಲೆಯ ಶಾಲೆಯಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದ ಗಂಟಲು ಒಂದು ದಿನ ಭಾಗಾಕಾರದ ನಡುವೆ ಕೈಕೊಟ್ಟಿತು. ಧ್ವನಿತಂತುಗಳ ಮೇಲೆ ಗಂಟು ಬಂದಿದೆ, ಎರಡು ತಿಂಗಳು ಪಿಸುಗುಟ್ಟಲೂ ಕೂಡದು, ಆಮೇಲೂ ದನಿ ಬರದಿದ್ದರೆ ಆಪರೇಷನ್ ಎಂದರು ಡಾಕ್ಟರು. ನನ್ನ ಗಂಡ ತಲೆ ಬಗ್ಗಿಸಿಕೊಂಡರು. ನಗು ಮುಚ್ಚಲೋ, ಹೆದರಿಕೆ ಮುಚ್ಚಲೋ, ಆಗ ತಿಳಿಯಲಿಲ್ಲ.

ಕೋಡಿಬಾಗದ ಮನೆಯಲ್ಲಿ ಸ್ಲೇಟು ಹಿಡಿದು ಕೂತೆ. ಆದರೆ ಬರೆದು ಜಗಳವಾಡಲು ಆಗುವುದಿಲ್ಲ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಆಗ ನೆನಪಾದದ್ದು ಹಡಗಿನಲ್ಲಿ ಕೆಲಸಕ್ಕಿರುವ ತಮ್ಮ ಎಂದೋ ತಂದುಕೊಟ್ಟಿದ್ದ ಕ್ಯಾಮೆರಾ. ಗುಂಡಿ ಒತ್ತಿದ ಕೂಡಲೇ ಚಿತ್ರದ ಹಾಳೆಯನ್ನು ನಾಲಿಗೆಯಂತೆ ಹೊರಚಾಚುವಂಥದ್ದು. ಊರಲ್ಲೆಲ್ಲ ಡಿಜಿಟಲ್ ಬಂದಿದ್ದ ಕಾಲ. ಇದರ ಎರಡು ಪೊಟ್ಟಣ ಫಿಲ್ಮಿನ ವಾಯಿದೆ ಮುಗಿದು ವರ್ಷಗಳಾಗಿದ್ದವು. ಒಟ್ಟು ಇಪ್ಪತ್ತು ಹಾಳೆ.

ಮೊದಲು ಮನೆ ಹತ್ತಿರದ ಕಾಳಿ ನದಿಯ ಸೇತುವೆಯ ಫೋಟೋ ತೆಗೆದೆ. ಮೂಡಿದ್ದು ಅರಿಶಿನ ಕದಡಿದ ನೀರು, ಅದರಲ್ಲೊಂದು ಗೆರೆ. ಗಣಿತದವಳಿಗೆ ಉತ್ತರ ತಪ್ಪಿದರೆ ಅನ್ನ ಇಳಿಯದು. ಎರಡನೆಯದನ್ನು ಫ್ರಿಜ್ಜಿನಲ್ಲಿಟ್ಟೆ, ನೀಲಿಗೆ ತಿರುಗಿತು. ಮೂರನೆಯದನ್ನು ಬಿಸಿ ಅನ್ನದ ಪಾತ್ರೆಯ ಮುಚ್ಚಳದ ಮೇಲಿಟ್ಟೆ, ಕೆಂಪಡರಿತು. ಚಿತ್ರ ಮೂಡುತ್ತಿರುವಾಗಲೇ ಚಮಚದ ಹಿಡಿಯಿಂದ ಒತ್ತಿದರೆ ಒಳಗಿನ ಬಣ್ಣ ಸರಿದಾಡುತ್ತದೆ ಎಂದು ಕಂಡುಹಿಡಿದ ದಿನ ಸಾರು ಸೀದುಹೋಯಿತು. ಮಾತಿನಲ್ಲಿ ನಾನು ಯಾರಿಗೂ ಕಾದವಳಲ್ಲ. ಈ ಹಾಳೆ ನನ್ನನ್ನು ಕಾಯಿಸುತ್ತಿತ್ತು, ಮತ್ತು ಆಶ್ಚರ್ಯವೆಂದರೆ, ನನಗೆ ಅದು ಹಿತವಾಗುತ್ತಿತ್ತು.

ಬಾಗಿಲಿಗೆ ಮೀನು ತರುವ ದೇವಕಿಯದೂ ಒಂದು ತೆಗೆದು ಚಮಚ ಆಡಿಸಿದೆ.

"ಅಕ್ಕೋರೇ, ಇದೆಂತದ್ರಿ! ನನ್ನ ಮೂಗು ಎಲ್ಲಿ ಹೋಯ್ತು?" ಎಂದಳು. ಮತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು, "ಬಂಗಡೆ ಮಾತ್ರ ಚಂದ ಬಂದದೆ. ಇರ್ಲಿ, ನಂಗೇ ಕೊಡಿ. ನೀವು ಬೇಗ ಮಾತಾಡಿ ಮಾರಾಯ್ರೆ. ಚೌಕಾಶಿ ಇಲ್ದೆ ಮೀನು ಮಾರೂಕೆ ಬೇಜಾರು" ಎಂದಳು.

ಎರಡು ತಿಂಗಳು ಮುಗಿಯುವ ಹಿಂದಿನ ದಿನ, ಭಾನುವಾರ. ಒಂದೇ ಹಾಳೆ ಉಳಿದಿತ್ತು. ಬಿಣಗಾದ ಕಾರ್ಖಾನೆಗೆ ರಜೆಯಾದ್ದರಿಂದ ಗಂಡ ಮನೆಯಲ್ಲಿದ್ದರು. ಅವರನ್ನು ಜಗಲಿಯಲ್ಲಿ ಕೂರಿಸಿ ಕ್ಯಾಮೆರಾ ಹಿಡಿದೆ. ಗುಂಡಿ ಒತ್ತದೆ ಎರಡು ಸಲ ಅದನ್ನು ಕೆಳಗಿಳಿಸಿದ್ದನ್ನು ಅವರು ಕಂಡರು.

"ನಾಳೆ ದನಿ ಬರ್ದಿದ್ರೂ ಅಡ್ಡಿಲ್ಲ. ನಿನ್ನ ಸ್ಲೇಟು ಓದೂಕೆ ಕಲ್ತಿದ್ದೆ ನಾನು" ಎಂದರು. ಒಳಗೆ ಹಾಡುತ್ತಿದ್ದ ರೇಡಿಯೋದತ್ತ ಕತ್ತು ಹೊರಳಿಸಿ, "ಆದ್ರೂ ಮನೆ ಭಾಳ ಸುಮ್ನಾಗದೆ. ಅದ್ಕೇ ಯಾರೂ ಕೇಳ್ದಿದ್ರೂ ರೇಡಿಯೋ ಹಾಕಿಡ್ತೆ" ಎಂದವರೇ ಕನ್ನಡಕ ತೆಗೆದು ಕಣ್ಣೊರೆಸಲು ಹೊರಟರು. ನನ್ನ ಬೆರಳು ಆಗಲೇ ಗುಂಡಿಯ ಮೇಲಿತ್ತು.

"ಅಲ್ಲಾಡಬೇಡಿ!"

ಒಡಕು ತಂಬಿಗೆಯಂಥ ದನಿ; ಆದರೆ ನನ್ನದೇ. ಗಂಡ ಕುರ್ಚಿಯಿಂದ ಎಗರಿದರು. ಕ್ಯಾಮೆರಾ ಕ್ಲಿಕ್ಕೆಂದಿತು.

ಮರುದಿನ ಡಾಕ್ಟರು ಬೈದರು, ನಕ್ಕರು, ಆಪರೇಷನ್ ಬೇಡವೆಂದರು. ನಾನು ಶಾಲೆಗೆ ಮರಳಿದೆ. ಆ ಫಿಲ್ಮ್ ತಯಾರಾಗುವುದೇ ನಿಂತುಹೋಗಿದೆಯಂತೆ. ಕೊನೆಯ ಹಾಳೆಗೆ ನಾನು ಚಮಚ ಮುಟ್ಟಿಸಲಿಲ್ಲ, ಬಿಸಿಯನ್ನೂ ತಾಗಿಸಲಿಲ್ಲ. ಅದರಲ್ಲಿ ಗಂಡನಿಗೆ ಎರಡು ಮೀಸೆ, ತೆರೆದ ಬಾಯಿ, ಗಾಳಿಯಲ್ಲಿ ಕನ್ನಡಕ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದು ಅವರೇ. ನಿಮ್ಮ ಫೋಟೋ ಯಾಕೆ ಹೀಗಾಗಿದೆ ಎಂದು ಬಂದವರು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಾರೆ:

"ಅದು ನಂದಲ್ಲ. ಇವಳ ದನೀದು."