ಮೂಗು ಸತ್ತ ಗಳಿಗೆ

ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎನ್ನುತ್ತಿದ್ದರು. ಯಾವ ಪೀಪಾಯಿ ಸೋರುತ್ತಿದೆ ಎಂಬುದನ್ನು ಬಾಗಿಲಲ್ಲೇ ನಿಂತು ಹೇಳಿಬಿಡುವಳು. ಅವಳೆದುರು ಬೀಡಿ ಸೇದಿಲ್ಲವೆಂದು ಆಣೆ ಹಾಕುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ಕೊಳಚೆ ತೊಟ್ಟಿಗೆ ಯಾರೇ ಇಳಿಯಲಿ, ಒಳಗೆ ವಿಷಗಾಳಿ ಇದೆಯೇ ಎಂದು ಮೊದಲು ಅವಳು ಬಗ್ಗಿ ಮೂಸಬೇಕು.

ಅಂದು ಇಳಿಯಬೇಕಾಗಿದ್ದವನು ಅವಳ ಮೈದುನ. ಬಗ್ಗಿದೊಡನೆ ಕೊಳೆತ ಮೊಟ್ಟೆಯ ನಾತ ಗಪ್ಪೆಂದು ಬಡಿಯಿತು. ತಡಿ ಎಂದಳು. ಇನ್ನೊಮ್ಮೆ ಮೂಸಿದಳು. ಏನೂ ಇರಲಿಲ್ಲ.

"ಹೋಯ್ತು, ಇಳಿ."

ನಾಲ್ಕನೆಯ ಮೆಟ್ಟಿಲಿನಿಂದ ಅವನು ಕಲ್ಲು ಬಿದ್ದಂತೆ ಬಿದ್ದ. ಮತ್ತೆ ಏಳಲಿಲ್ಲ.

ಮನೆಯಲ್ಲಿ, ಹಾಲು ಕೆಟ್ಟಿದೆಯಾ ನೋಡೆಂದು ದಿನವೂ ಸೊಸೆಯ ಮೂಗಿಗೆ ಪಾತ್ರೆ ಹಿಡಿಯುತ್ತಿದ್ದ ಅತ್ತೆ, ಅಂದಿನಿಂದ ತಾವೇ ಮೂಸತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೈದುನನ ಬಟ್ಟೆಯ ಪೆಟ್ಟಿಗೆಯ ಬಳಿ ಹಾಯುವಾಗೆಲ್ಲ ಅವಳಿಗೆ ಅದೇ ನಾತ ಬರುತ್ತಿತ್ತು, ಬೇರೆ ಯಾರಿಗೂ ಬರುತ್ತಿರಲಿಲ್ಲ.

ಆರು ವರ್ಷದ ಮೇಲೆ ಒಬ್ಬ ಎಂಜಿನಿಯರ್ ಹೆಣ್ಣುಮಗಳು ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ ತಂದಳು. ಎಲೆಕ್ಟ್ರಾನಿಕ್ ಮೂಗಂತೆ. ಯಾವ ವಾಸನೆ ಯಾವುದೆಂದು ಅದಕ್ಕೆ ಕಲಿಸಲು ಪಳಗಿದ ಮನುಷ್ಯರ ಮೂಗು ಬೇಕಿತ್ತು. ಮೂರು ತಿಂಗಳು ಮೂಗಿನಕ್ಕ ಸೀಸೆಗಳನ್ನು ಮೂಸಿ ಹೇಳಿದಳು. ಒಂದು ಸೀಸೆಯ ಮುಚ್ಚಳ ತೆಗೆದೊಡನೆ ಆ ದಿನದ ನಾತವೇ ಬಡಿದು, ಕುರ್ಚಿ ಹಿಂದಕ್ಕೆ ದೂಡಿ ಎದ್ದಳು. ಯಾರಿಗೂ ಹೇಳದ್ದನ್ನೆಲ್ಲ ಅಂದು ಹೇಳಿಕೊಂಡಳು.

"ಅಕ್ಕಾ, ಆ ಗ್ಯಾಸ್ ಹೋಗಿರಲಿಲ್ಲ," ಎಂದಳು ಎಂಜಿನಿಯರ್. "ಜಾಸ್ತಿ ಆದ್ರೆ ಅದು ಮೊದಲು ಮೂಗನ್ನೇ ಸಾಯಿಸುತ್ತೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಇಳಿ ಅಂದೋಳು ನಾನಲ್ವಾ."

ಯಂತ್ರವನ್ನು ಹಗ್ಗಕ್ಕೆ ಕಟ್ಟಿ ತೊಟ್ಟಿಗೆ ಬಿಟ್ಟ ಮೊದಲ ದಿನವೇ ಅದು ಕಿರುಚಿಕೊಂಡಿತು. ತೊಟ್ಟಿಯ ಮುಚ್ಚಳ ತೆಗೆದಾಗ ಸುಳಿದ ನಾತ ಅಷ್ಟರಲ್ಲಿ ಎಲ್ಲರ ಮೂಗಿನಿಂದಲೂ ಮಾಯವಾಗಿತ್ತು. ಡಬ್ಬಿ ಕೆಟ್ಟಿದೆಯೆಂದು ಮೇಸ್ತ್ರಿ ಕೆಲಸದವನನ್ನು ಇಳಿಸಲು ಹೊರಟ. ಮೂಗಿನಕ್ಕ ಹಲಗೆಯೊಂದನ್ನು ತೊಟ್ಟಿಯ ಬಾಯಿಗೆ ಅಡ್ಡ ಎಳೆದು ಅದರ ಅಂಚಿಗೆ ಕಾಲು ಊರಿ ನಿಂತುಬಿಟ್ಟಳು. ಬೈದರೂ ಕದಲಲಿಲ್ಲ. ಕೊನೆಗೆ ಎಲ್ಲರನ್ನೂ ದೂರ ಸರಿಸಿ ಪಂಖದಿಂದ ಗಾಳಿ ಊದಿಸಿದರು. ಗ್ಯಾಸ್ ತೆಳುವಾಗುತ್ತ ಬಂದಂತೆ ನಾತ ಮತ್ತೆ ಎಲ್ಲರಿಗೂ ಬಡಿಯಿತು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

ಯಂತ್ರ ಸುಮ್ಮನಾದ ಮೇಲೆ ಕೆಲಸದವನು ಇಳಿದ, ಹೂಳೆತ್ತಿ ಹತ್ತಿ ಬಂದ, ಕೈಕಾಲು ತೊಳೆದು ಮನೆಗೆ ಹೊರಟ. ಮೂಗಿನಕ್ಕ ಮಾತ್ರ ತೊಟ್ಟಿಯ ಪಕ್ಕದಲ್ಲೇ ಕೂತಿದ್ದಳು. ಎಲ್ಲ ಮುಗಿಯಿತು, ಹೊರಡೋಣ ಎಂದಳು ಎಂಜಿನಿಯರ್.

"ನೀವು ನಡೀರಿ. ಇನ್ನೊಬ್ಬ ಮೇಲೆ ಬರೋದಿದೆ."

ಎಂಜಿನಿಯರ್ ಹೋಗಲಿಲ್ಲ. ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತಳು.